ಹ್ಯಾಂಗೆ ಸೋಲ್ತ ನೋಡವು

ನನ್ನ ಹತ್ತಿರ ಈಗಲೂ ಕುಸ್ತಿಪಟು ಅಂಡರ್‌ಟೇಕರ್‌ನ ಒಂದು ಕಾರ್ಡ್ ಇದೆ. ನಾಲ್ಕೂ ಮೂಲೆ ಸವೆದು ದುಂಡಗಾಗಿವೆ. ಹಿಂಬದಿಗೆ ಅಡಿಕೆ ಚೊಗರಿನ ಕೆಂಪು ಕಲೆ. ಶಿರಸಿ ಬಸ್‌ಸ್ಟ್ಯಾಂಡ್ ಹತ್ತಿರ ಕೊಂಡ ಟ್ರಂಪ್ ಕಾರ್ಡ್ ಕಟ್ಟಿನಲ್ಲಿ ಉಳಿದಿರುವುದು ಇದೊಂದೇ. ಅರ್ಧ ಶಾಲೆಯಲ್ಲಿ ಜಪ್ತಿಯಾದವು, ಇನ್ನರ್ಧ ಆಟದಲ್ಲಿ ಸೋತು ಹೋದವು. ಜಪ್ತಿ ಮಾಡಿದ ಮಾಸ್ತರರ ಮಗ ಮರುವಾರವೇ ಅಂಥದ್ದೇ ಕಟ್ಟು ಹಿಡಿದುಕೊಂಡು ಬಂದಿದ್ದ. ಅದು ನನ್ನದೇ ಅಂತ ನನಗೆ ಇವತ್ತಿಗೂ ಗುಮಾನಿ.

ಆ ಆಟ ಆಡದವರಿಗೆ ಒಂದು ಮಾತು. ಒಂದೊಂದು ಕಾರ್ಡಿನ ಮೇಲೆ ಡಬ್ಲ್ಯೂಡಬ್ಲ್ಯೂಎಫ್ ಅನ್ನುವ ಅಮೆರಿಕದ ಕುಸ್ತಿ ಕಂಪನಿಯ ಒಬ್ಬೊಬ್ಬ ಕುಸ್ತಿಪಟು. ಕೆಳಗೆ ಅವನ ರ‍್ಯಾಂಕು, ಎತ್ತರ, ತೂಕ, ಎದೆ, ಬೈಸೆಪ್ಸ್, ಎಷ್ಟು ಫೈಟ್ ಆಡಿದ, ಎಷ್ಟು ಗೆದ್ದ. ನೀವು ಒಂದು ಲೆಕ್ಕ ಹೇಳಬೇಕು, ಎದುರಿನವನ ಲೆಕ್ಕಕ್ಕಿಂತ ಜಾಸ್ತಿ ಇದ್ದರೆ ಅವನ ಕಾರ್ಡು ನಿಮಗೆ. ರ‍್ಯಾಂಕಿನಲ್ಲಿ ಮಾತ್ರ ಕಡಿಮೆ ಇದ್ದವನಿಗೆ ಗೆಲುವು. ಇಂಗ್ಲಿಷ್ ಅಂಕಿ, ಇಂಗ್ಲಿಷ್ ಹೆಸರು ನಾನು ಕಲಿತಿದ್ದು ಹೀಗೆ. ಮಗ್ಗಿ ಬಾರದಿದ್ದರೂ ಯೊಕೊಜುನಾನ ತೂಕ ಬಾಯಿಪಾಠ ಇತ್ತು.

ತಮಾಷೆ ಏನೆಂದರೆ ಕಾರ್ಡು ನಮ್ಮ ಕೈಗೆ ಬಂದಿದ್ದು ಮೊದಲು, ಕುಸ್ತಿ ಕಣ್ಣಿಗೆ ಬಿದ್ದಿದ್ದು ಆಮೇಲೆ. ನಮ್ಮ ಹಳ್ಳಿಗೆ ಆಗ ಕೇಬಲ್ ಇರಲಿಲ್ಲ. ಇದ್ದಿದ್ದು ದೂರದರ್ಶನ ಒಂದೇ. ಅದೂ ಆಂಟೆನಾ ತಿರುಗಿಸುವವನು ಅಂಗಳದಲ್ಲಿ, ‘ಬಂತು, ಹೋಯ್ತು’ ಅಂತ ಕೂಗುವವನು ಜಗಲಿಯಲ್ಲಿ. ಹಾಗಾಗಿ ಅಲ್ಟಿಮೇಟ್ ವಾರಿಯರ್ ಹೇಗೆ ಓಡಿ ಬರುತ್ತಾನೆ, ಹಗ್ಗ ಹಿಡಿದು ಹೇಗೆ ಅಲ್ಲಾಡಿಸುತ್ತಾನೆ ಅನ್ನುವುದನ್ನೆಲ್ಲ ನಾವು ಕಲ್ಪಿಸಿಕೊಳ್ಳಬೇಕಿತ್ತು. ನನ್ನ ಕಲ್ಪನೆಯಲ್ಲಿ ಅವನು ಬೇಡರ ವೇಷದ ಹಾಗೇ ಇದ್ದ. ಶಿರಸಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ, ಹೋಳಿ ಹತ್ತಿರ ಬಂದಾಗ ರಾತ್ರಿ ಬೇಡರ ವೇಷ ಬೀದಿಗೆ ಇಳಿಯುತ್ತದೆ. ಮುಖಕ್ಕೆ ಕೆಂಪು ಬಣ್ಣ, ದೊಡ್ಡ ಮೀಸೆ, ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದೆ ಇಬ್ಬರು ಜಗ್ಗಿ ಹಿಡಿದಿರುತ್ತಾರೆ. ತಮಟೆ ಜೋರಾದ ಹಾಗೆ ಅವನು ಜನರ ಮೇಲೆ ಏರಿ ಬರುತ್ತಾನೆ, ಹಗ್ಗ ಬಿಗಿಯುತ್ತದೆ, ನಾವೆಲ್ಲ ಕೂಗುತ್ತ ಹಿಂದಕ್ಕೆ ಓಡುತ್ತೇವೆ. ಹಗ್ಗ ತುಂಡಾಗಿಬಿಟ್ಟರೆ ಅನ್ನೋ ಭಯ. ಆ ವೇಷದ ಒಳಗಿರುವವನು ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಬೆಲ್ಲ ತೂಗಿ ಕೊಟ್ಟವನು ಅಂತ ಗೊತ್ತಿದ್ದರೂ ಓಡುತ್ತೇವೆ.

1998ರ ಬೇಸಿಗೆ ರಜೆಯಲ್ಲಿ ಅಜ್ಜನ ಕಣ್ಣಿನ ಪೊರೆ ತೆಗೆಸಲು ಕಾರವಾರಕ್ಕೆ ಹೋದೆವು. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಹೋಗುವಷ್ಟರಲ್ಲಿ ನಾನು ಎರಡು ಸಲ ವಾಂತಿ ಮಾಡಿಕೊಂಡಿದ್ದೆ. ಚಿಕ್ಕಮ್ಮನ ಮನೆಯಲ್ಲಿ ಕೇಬಲ್ ಇತ್ತು. ಆಪರೇಷನ್ ಆದ ಮೇಲೆ ಅಜ್ಜ ಒಂದು ವಾರ ಅಲ್ಲೇ ಉಳಿದ. ಒಂದು ಕಣ್ಣಿಗೆ ಬಿಳಿ ಪಟ್ಟಿ. ಟಿವಿ ನೋಡಬಾರದು ಅಂತ ಡಾಕ್ಟರು ಹೇಳಿದ್ದರು. ಅಜ್ಜ ಇನ್ನೊಂದು ಕಣ್ಣಲ್ಲಿ ನೋಡಿದ.

ಟಿವಿಯಲ್ಲಿ ಲೈಟು ಆರಿತು. ಗಂಟೆ ಬಾರಿಸಿತು. ಮಂಜಿನ ಹಾಗೆ ಹೊಗೆ. ಉದ್ದ ಕೂದಲಿನ, ಕರಿ ಕೋಟಿನ ಮನುಷ್ಯ, ನನ್ನ ಕಾರ್ಡಿನ ಅಂಡರ್‌ಟೇಕರ್, ಒಂದೊಂದೇ ಹೆಜ್ಜೆ ಇಡುತ್ತ ಬಂದ. ರಿಂಗಿನವರೆಗೆ ಬರುವುದಕ್ಕೇ ಎರಡು ನಿಮಿಷ ತೆಗೆದುಕೊಂಡ. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಅಜ್ಜ ಕವಳ ಅಗಿಯೋದು ನಿಲ್ಲಿಸಿ ಹೇಳಿದ, ‘ಇಂವ ಯಾರಾ? ಒಡ್ಡೋಲಗ ಚೊಲೋ ಇದ್ದು.’ ಒಡ್ಡೋಲಗ ಅಂದರೆ ಯಕ್ಷಗಾನದಲ್ಲಿ ವೇಷ ಮೊದಲ ಸಲ ರಂಗಕ್ಕೆ ಬರುವ ಪರಿ.

ಕುಸ್ತಿ ಶುರುವಾಯಿತು. ಐದು ನಿಮಿಷ ನೋಡಿ ಅಜ್ಜ ತೀರ್ಪು ಕೊಟ್ಟ. ‘ಮಾಣಿ, ಇದೆಲ್ಲ ಸುಳ್ಳು. ಒಬ್ಬಂಗೂ ಪೆಟ್ಟು ತಾಗ್ತಿಲ್ಲೆ.’

ನನಗೆ ಸಿಟ್ಟು ಬಂತು. ನಿನ್ನ ಆಟದಲ್ಲಿ ಕೌರವ ಪ್ರತಿ ಸಲ ಸೋಲ್ತ, ಅದು ಸುಳ್ಳಲ್ದಾ ಅಂತ ಕೇಳಿಬಿಟ್ಟೆ. ನಮ್ಮ ಕಡೆ ಯಕ್ಷಗಾನಕ್ಕೆ ಆಟ ಅಂತಲೇ ಹೇಳುವುದು. ಅಜ್ಜ ಆ ಪ್ರಾಯದಲ್ಲೂ ಆಟ ಇದೆ ಅಂದರೆ ಬ್ಯಾಟರಿ ಹಿಡಿದು ನಾಲ್ಕು ಮೈಲಿ ನಡೆಯುವ ಆಸಾಮಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ಅದೆಷ್ಟು ಸಲ ನೋಡಿದ್ದನೋ. ಬೈಯುತ್ತಾನೆ ಅಂದುಕೊಂಡಿದ್ದೆ. ಅಜ್ಜ ಬೈಯಲಿಲ್ಲ. ‘ಸೋಲ್ತ ಹೇಳಿ ಎಲ್ಲರಿಗೂ ಗೊತ್ತಿದ್ದು. ಹ್ಯಾಂಗೆ ಸೋಲ್ತ ನೋಡವು’, ಹೇಗೆ ಸೋಲುತ್ತಾನೆ ಅನ್ನುವುದನ್ನು ನೋಡಬೇಕು ಅಂದು, ಟಿವಿ ಕಡೆ ಒಂಟಿ ಕಣ್ಣು ತಿರುಗಿಸಿ ಕೂತ. ಪೂರ್ತಿ ನೋಡಿದ. ಮರುದಿನವೂ ನೋಡಿದ.

ಅಲ್ಲಿಂದ ಇಲ್ಲಿಯವರೆಗೆ ನಾನು ನೋಡಿದ ಸಿನಿಮಾ, ಓದಿದ ಕಾಮಿಕ್ಸು, ರಾತ್ರಿ ನಿದ್ದೆಗೆಟ್ಟು ನೋಡಿದ ಕುಸ್ತಿ ಎಲ್ಲವನ್ನೂ ಅಳೆಯುವುದು ಈ ಒಂದು ಮಾತಿನಿಂದಲೇ. ಇದೊಂದೇ ಅಳತೆಗೋಲು ಅಂತಲ್ಲ. ಆದರೆ ನನಗೆ ಬೇರೆ ಯಾವುದೂ ಇಷ್ಟು ಕೆಲಸಕ್ಕೆ ಬಂದಿಲ್ಲ.

ಮೊದಲು ಗದಾಯುದ್ಧವನ್ನೇ ತೆಗೆದುಕೊಳ್ಳಿ. ಎಲ್ಲರೂ ಸತ್ತಿದ್ದಾರೆ. ಕೌರವ ಹೋಗಿ ವೈಶಂಪಾಯನ ಸರೋವರದಲ್ಲಿ ಅಡಗಿ ಕೂತಿದ್ದಾನೆ. ಭೀಮ ದಡದಲ್ಲಿ ನಿಂತು ಮೂದಲಿಸುತ್ತಾನೆ. ಸುಮ್ನೆ ಕೂತಿದ್ದರೆ ಬದುಕುತ್ತಿದ್ದ. ಆದರೆ ಮೂದಲಿಕೆ ತಡೆಯಲಾಗದೆ ಎದ್ದು ಬರುತ್ತಾನೆ. ನೀರಿನೊಳಗೆ ಇದ್ದೂ ಬೆವರಿದ ಅಂತ ರನ್ನ ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದಾನೆ. ಆಮೇಲೆ ಯುದ್ಧ. ಗದೆಯಲ್ಲಿ ಕೌರವನೇ ಮೇಲು. ಆಗ ಕೃಷ್ಣ ತನ್ನ ತೊಡೆ ತಟ್ಟಿ ಸನ್ನೆ ಮಾಡುತ್ತಾನೆ, ಭೀಮ ಸೊಂಟದ ಕೆಳಗೆ ಹೊಡೆಯುತ್ತಾನೆ. ಇದನ್ನು ಹಾಗೇ ಎತ್ತಿ ಡಬ್ಲ್ಯೂಡಬ್ಲ್ಯೂಎಫ್ ರಿಂಗಿನಲ್ಲಿ ಇಡಿ, ಒಂದಕ್ಷರ ಬದಲಿಸಬೇಕಿಲ್ಲ. ರಿಂಗಿನ ಹೊರಗೆ ನಿಂತ ಮ್ಯಾನೇಜರು ಸನ್ನೆ ಮಾಡಿ ನಿಯಮ ಮುರಿಸುತ್ತಾನೆ. ಬಲರಾಮ ಬಂದು ಸಿಟ್ಟಾಗುತ್ತಾನೆ, ಆದರೆ ತಡವಾಗಿ. ರೆಫರಿಗಳು ಯಾವಾಗಲೂ ತಡವಾಗಿಯೇ ತಿರುಗುವುದು, ಅಲ್ವಾ?

ರಾತ್ರಿಯೆಲ್ಲ ಅವನ ದರ್ಪ ನೋಡಿ ಬೈದುಕೊಂಡ ಜನ ಬೆಳಗಿನ ಜಾವಕ್ಕೆ, ಚಂಡೆ ಏರಿ ಕೌರವ ಬಿದ್ದಾಗ, ಅಯ್ಯೋ ಅನ್ನುತ್ತಾರೆ. ಒಳ್ಳೆಯ ಕಲಾವಿದನಾದರೆ ಮಾತ್ರ. ಸುಮಾರಿನವನಾದರೆ ಅಷ್ಟು ಹೊತ್ತಿಗೆ ಅರ್ಧ ಜನ ಚಾಪೆ ಸುತ್ತಿಕೊಂಡಿರುತ್ತಾರೆ.

ಕುಸ್ತಿಯಲ್ಲಿ ಇದಕ್ಕೆ ಸರಿಜೋಡಿ ಅಂದರೆ 1997ರ ಮಾರ್ಚ್ 23, ಶಿಕಾಗೋ ಹತ್ತಿರ ನಡೆದ ರೆಸಲ್‌ಮೇನಿಯಾ 13, ಆ ಕಂಪನಿಯ ವರ್ಷದ ದೊಡ್ಡ ಜಾತ್ರೆ. ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್. ನಾನಿದನ್ನು ನೋಡಿದ್ದು ಎಷ್ಟೋ ವರ್ಷದ ನಂತರ. ಬ್ರೆಟ್ ಒಳ್ಳೆಯವನು, ಆಸ್ಟಿನ್ ಕೆಟ್ಟವನು. ಕೊನೆಗೆ ಬ್ರೆಟ್ ತನ್ನ ಶಾರ್ಪ್‌ಶೂಟರ್ ಪಟ್ಟು ಹಾಕುತ್ತಾನೆ. ಕಾಲು ತಿರುಚಿ, ಮೇಲೆ ಕೂತು ಎಳೆಯುವ ಪಟ್ಟು ಅದು. ಆಸ್ಟಿನ್ ಹಣೆಯಿಂದ ರಕ್ತ ಇಳಿದು ಹಲ್ಲಿನ ಸಂದಿಗೆಲ್ಲ ಹೋಗಿದೆ. ಕೈ ತಟ್ಟಿ ಸೋತೆ ಅಂದರೆ ಮುಗಿಯಿತು. ತಟ್ಟುವುದಿಲ್ಲ. ಒಂದು ಸಲ ಮೈಯೆಲ್ಲ ಎತ್ತಿ ಬಿಡಿಸಿಕೊಳ್ಳಲು ನೋಡುತ್ತಾನೆ, ಆಗುವುದಿಲ್ಲ. ಹಾಗೇ ಎಚ್ಚರ ತಪ್ಪುತ್ತಾನೆ. ರೆಫರಿ ನಿಲ್ಲಿಸುತ್ತಾನೆ. ಬ್ರೆಟ್ ಗೆದ್ದ. ಗೆದ್ದ ಮೇಲೂ ಎಚ್ಚರ ತಪ್ಪಿದವನಿಗೆ ಹೊಡೆದ. ಜನ ಬ್ರೆಟ್‌ಗೆ ಬೈದರು, ಯಾರ ಸಹಾಯವೂ ಬೇಡ ಅಂತ ಕುಂಟುತ್ತ ಎದ್ದು ಹೋದ ಆಸ್ಟಿನ್‌ಗೆ ಜೈ ಕೂಗಿದರು. ಒಂದೇ ಕುಸ್ತಿಯಲ್ಲಿ ರಾಮ ರಾವಣನಾದ, ರಾವಣ ರಾಮನಾದ. ಅಲ್ಲಿಂದ ಮೂರ‍್ನಾಲ್ಕು ವರ್ಷ ಇಡೀ ಕಂಪನಿ ನಡೆದಿದ್ದು ಆ ಸೋತವನ ಹೆಗಲ ಮೇಲೆ.

ಯಾರು ಗೆಲ್ಲಬೇಕು ಅನ್ನುವುದು ಮೊದಲೇ ನಿಗದಿ. ಅದನ್ನು ಈಗ ಯಾರೂ ಮುಚ್ಚಿಡುವುದಿಲ್ಲ. 1989ರಲ್ಲೇ ಆ ಕಂಪನಿಯವರು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ, ಇದು ಕ್ರೀಡೆ ಅಲ್ಲ, ಮನರಂಜನೆ ಅಂತ ಒಪ್ಪಿಕೊಂಡಿದ್ದರು. ಸತ್ಯಸಂಧತೆ ಉಕ್ಕಿ ಬಂದು ಹಾಗೆ ಹೇಳಿದ್ದಲ್ಲ, ಕ್ರೀಡೆ ಅಂದರೆ ಸರಕಾರದ ನಿಯಮ, ಶುಲ್ಕ ಎಲ್ಲ ಕಟ್ಟಿಕೊಳ್ಳಬೇಕಿತ್ತು. ಆದರೆ ಗೆಲುವು ಸೋಲು ನಿಗದಿಯಾದರೂ ನಡುವಿನದೆಲ್ಲ ಬರೆದಿಟ್ಟಿರುವುದಿಲ್ಲ. ಎಷ್ಟೋ ಹೊಡೆತಗಳನ್ನು ರಿಂಗಿನಲ್ಲೇ ಪಿಸುಗುಟ್ಟಿ ಮಾತಾಡಿಕೊಂಡು, ಜನ ಕೂಗುವುದನ್ನು ಕೇಳಿಸಿಕೊಂಡು ಕಟ್ಟುತ್ತಾರೆ. ನಮ್ಮಲ್ಲೂ ಅಷ್ಟೇ. ಭಾಗವತರು ಹಾಡುವ ಪದ್ಯ ಮಾತ್ರ ಪ್ರಸಂಗದಲ್ಲಿ ಇರುವುದು. ಅರ್ಥ ಹೇಳುವುದು ವೇಷಧಾರಿಯ ತಲೆಗೆ, ನಾಲಿಗೆಗೆ ಬಿಟ್ಟಿದ್ದು.

ಇದು ಚೆನ್ನಾಗಿ ಕಾಣುವುದು ತಾಳಮದ್ದಳೆಯಲ್ಲಿ. ಮಳೆಗಾಲದಲ್ಲಿ ಯಾರದೋ ಮನೆ ಜಗಲಿಯಲ್ಲೋ ದೇವಸ್ಥಾನದಲ್ಲೋ ಸೇರುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ, ಕಾಲು ಮಡಚಿ ಕೂತು ಬರೀ ಮಾತು. ವಾಲಿ ಮೋಕ್ಷ ಅಂದರೆ ವಾಲಿ ಸಾಯಲೇಬೇಕು. ಆದರೆ ಬಾಣ ನೆಟ್ಟ ಎದೆ ಹಿಡಿದುಕೊಂಡು, ಮರೆಯಲ್ಲಿ ನಿಂತು ಹೊಡೆದೆಯಲ್ಲ ಅಂತ ಅವನು ರಾಮನನ್ನು ಕೇಳುವ ಪ್ರಶ್ನೆಗೆ ಆ ರಾತ್ರಿಯ ರಾಮ ಉತ್ತರ ಕೊಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಎದುರು ಕೂತರೆ ರಾಮನ ಪಾತ್ರಧಾರಿಯ ಗತಿ ಏನು, ಯೋಚಿಸಿ. ಕಥೆಯಲ್ಲಿ ಸತ್ತವನು ಮಾತಿನಲ್ಲಿ ಗೆದ್ದು ಏಳುತ್ತಾನೆ.

2011ರ ಜೂನ್ 27ರಂದು ಸಿಎಂ ಪಂಕ್ ಅನ್ನುವ ಕುಸ್ತಿಪಟು ಲಾಸ್ ವೇಗಾಸ್‌ನಲ್ಲಿ ಮೈಕು ಹಿಡಿದುಕೊಂಡು ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ತನ್ನ ಕಂಪನಿಯನ್ನು, ಯಜಮಾನನನ್ನು, ಯಜಮಾನನ ಮಗಳು ಅಳಿಯನನ್ನು, ಕೊನೆಗೆ ಟಿಕೆಟ್ ಕೊಂಡು ಬಂದ ಜನರನ್ನೂ ತರಾಟೆಗೆ ತೆಗೆದುಕೊಂಡ. ಕೊನೆಗೆ ಮೈಕನ್ನೇ ಬಂದ್ ಮಾಡಿದರು. ಅದರಲ್ಲಿ ಎಷ್ಟು ನಿಜ, ಎಷ್ಟು ಆಟ ಅಂತ ಜನ ಈಗಲೂ ತಲೆ ಕೆಡಿಸಿಕೊಳ್ಳುತ್ತಾರೆ. ನನಗೆ ಮೊದಲು ಕಂಡಿದ್ದು ಆ ಕೂತ ಭಂಗಿ. ಮುಂದೊಂದು ಮದ್ದಳೆ ಇದ್ದಿದ್ದರೆ ಸಾಕಿತ್ತು.

ಕಾಮಿಕ್ಸ್ ಕಡೆ ಬರುತ್ತೇನೆ. ಬಾಲಮಂಗಳ ಪತ್ರಿಕೆಯ ಡಿಂಗ ನಮ್ಮ ಮೊದಲ ಸೂಪರ್‌ಹೀರೋ. ಇಲಿ. ಮೂಲದಲ್ಲಿ ಮಲಯಾಳದ ಡಿಂಕನ್. ಅವನು ಸೋಲುವುದೇ ಇಲ್ಲ, ಹಾಗಾಗಿ ಹತ್ತು ವರ್ಷದವರೆಗೆ ಮಾತ್ರ ಅವನ ಮೇಲೆ ಪ್ರೀತಿ ಇತ್ತು. ಚಾಚಾ ಚೌಧರಿ, ಸಾಬು ಕೂಡ ಅಷ್ಟೇ. 1997ರಲ್ಲಿ ದೂರದರ್ಶನಕ್ಕೆ ಬಂದ ಶಕ್ತಿಮಾನ್‌ನಿಂದ ನನಗೆ ಆದ ಲಾಭ ಅಂದರೆ ಒಂದಿಷ್ಟು ಹಿಂದಿ. ಆಗ ಕನ್ನಡಕ್ಕೆ ಡಬ್ ಮಾಡಬಾರದು ಅನ್ನುವ ಅಲಿಖಿತ ಕಟ್ಟು ಇತ್ತಲ್ಲ. ಒಳ್ಳೆಯ ಉದ್ದೇಶವೇ ಇರಬಹುದು. ಆದರೆ ನಮ್ಮ ಊರಿನ ಮಕ್ಕಳಿಗೆ ಸಿಕ್ಕ ಸೂಪರ್‌ಹೀರೋ ಹಿಂದಿಯಲ್ಲಿ ನೀತಿಪಾಠ ಹೇಳುತ್ತಿದ್ದ, ನಾವು ಕನ್ನಡದಲ್ಲಿ ಗಿರಗಿರ ತಿರುಗಿ ಬೀಳುತ್ತಿದ್ದೆವು.

ಇವರ ನಡುವೆ ಫ್ಯಾಂಟಮ್ ಬೇರೆ ಜಾತಿ. ವಾರಪತ್ರಿಕೆ ನಮ್ಮೂರಿಗೆ ಬಸ್ಸಿನಲ್ಲಿ ಎರಡು ದಿನ ತಡವಾಗಿ ಬರುತ್ತಿತ್ತು, ಅದರಲ್ಲಿ ಆ ವಾರದ ಫ್ಯಾಂಟಮ್. ಲೀ ಫಾಕ್ 1936ರಲ್ಲಿ ಶುರು ಮಾಡಿದ್ದು. ಕಾಡಿನ ಜನಕ್ಕೆ ಅವನು ಸಾವೇ ಇಲ್ಲದ, ನಡೆದಾಡುವ ಭೂತ. ನಾನ್ನೂರು ವರ್ಷದಿಂದ ಅದೇ ಮುಖವಾಡ, ಅದೇ ತಲೆಬುರುಡೆ ಉಂಗುರ. ಆದರೆ ಓದುವ ನಮಗೆ ಗುಟ್ಟು ಗೊತ್ತು. ಅವನು 21ನೆಯವನು. ಅಪ್ಪ ಸತ್ತಾಗ ಮಗ ಅದೇ ಉಡುಪು ಹಾಕಿಕೊಳ್ಳುತ್ತಾನೆ. ಗವಿಯ ಒಳಗೆ ಸತ್ತ ಇಪ್ಪತ್ತು ಜನ ಸಾಲಾಗಿ ಮಲಗಿದ್ದಾರೆ. ನನಗೆ ಯಾವ ಹೊಡೆದಾಟಕ್ಕಿಂತಲೂ ಹೆಚ್ಚು ನೆನಪಿರುವುದು ಆ ಗವಿಯ ಚಿತ್ರ, ಮತ್ತು ಅಲ್ಲಿ ಖಾಲಿ ಇರುವ ಮುಂದಿನ ಜಾಗ. ಅವನಿಗೆ ತಾನು ಎಲ್ಲಿ ಮಲಗಬೇಕು ಅಂತ ಗೊತ್ತು, ಆದರೂ ಬೆಳಿಗ್ಗೆ ಎದ್ದು ಕುದುರೆ ಹತ್ತುತ್ತಾನೆ.

ಇದನ್ನು ಸೂಪರ್‌ಮ್ಯಾನ್ ಜೊತೆ ಹೋಲಿಸಿ. 1992ರ ನವೆಂಬರಿನಲ್ಲಿ ಅವನನ್ನು ಕೊಂದರು. ಡೂಮ್ಸ್‌ಡೇ ಅನ್ನುವ ರಾಕ್ಷಸನ ಜೊತೆ ಹೊಡೆದಾಡಿ ಇಬ್ಬರೂ ಸತ್ತರು. ಅಮೆರಿಕದ ಜನ ಅಂಗಡಿ ಮುಂದೆ ಸಾಲು ನಿಂತು ಆ ಸಂಚಿಕೆ ಕೊಂಡರು, ಮುಂದೆ ಬೆಲೆ ಬರುತ್ತದೆ ಅಂತ ಎರಡೆರಡು ಪ್ರತಿ ಕೊಂಡವರೂ ಇದ್ದರು. ಒಂದು ವರ್ಷ ತುಂಬುವುದರೊಳಗೆ ಅವನು ವಾಪಸ್ ಬಂದ. ಅಲ್ಲಿಂದ ಅಮೆರಿಕದ ಕಾಮಿಕ್ಸಿನಲ್ಲಿ ಸಾವು ಅಂದರೆ ರಜೆ ಹಾಕಿದ ಹಾಗೆ ಆಗಿಬಿಟ್ಟಿದೆ. ಸಿನಿಮಾಕ್ಕೂ ಅದೇ ರೋಗ ಹತ್ತಿತು. 2019ರ ‘ಎಂಡ್‌ಗೇಮ್’ನಲ್ಲಿ ಐರನ್ ಮ್ಯಾನ್ ಟೋನಿ ಸ್ಟಾರ್ಕ್ ಸತ್ತಾಗ ನಾನು ಥಿಯೇಟರಿನಲ್ಲಿ ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. 2024ರಲ್ಲಿ ಅದೇ ನಟ ಡಾಕ್ಟರ್ ಡೂಮ್ ಅನ್ನುವ ಖಳನಾಗಿ ಬರುತ್ತಾನೆ ಅಂತ ಘೋಷಿಸಿದರು. ಒಬ್ಬನೇ ಎರಡು ವೇಷ ಮಾಡಿದರೆ ನನ್ನ ತಕರಾರಿಲ್ಲ, ನಮ್ಮಲ್ಲಿ ಇವತ್ತಿನ ಭೀಮ ನಾಳೆ ಕೌರವ ಆಗುತ್ತಾನೆ. ಆದರೆ ಯಕ್ಷಗಾನದಲ್ಲಿ ಮಂಗಳ ಹಾಡಿದ ಮೇಲೆ ಆ ರಾತ್ರಿ ಮುಗಿದಿರುತ್ತದೆ. ಇವರದ್ದು ಮಂಗಳವೇ ಇಲ್ಲದ ಆಟ. ಹೆಸರುಗಳೆಲ್ಲ ಉರುಳಿ ಮುಗಿದ ಮೇಲೂ ಜನ ಏಳುವುದಿಲ್ಲ, ಮುಂದಿನ ಸಿನಿಮಾದ ಸುಳಿವಿಗೆ ಕಾಯುತ್ತ ಕೂತಿರುತ್ತಾರೆ. ನಾನೂ ಕೂತಿರುತ್ತೇನೆ.

ಕನ್ನಡ ಸಿನಿಮಾಕ್ಕೆ ಸೋಲಿನ ಹೆದರಿಕೆ ಮೊದಲು ಇರಲಿಲ್ಲ. 1972ರ ಎರಡು ದೊಡ್ಡ ಹಿಟ್‌ಗಳನ್ನು ನೋಡಿ. ‘ಬಂಗಾರದ ಮನುಷ್ಯ’ದ ರಾಜೀವ ಕಟ್ಟಿದ್ದನ್ನೆಲ್ಲ ಬಿಟ್ಟು ಬರಿಗೈಯಲ್ಲಿ ಹೊರಟು ಹೋಗುತ್ತಾನೆ, ತಿರುಗಿ ಬರುವುದಿಲ್ಲ. ‘ನಾಗರಹಾವು’ವಿನ ರಾಮಾಚಾರಿ ಚಿತ್ರದುರ್ಗದ ಬೆಟ್ಟದಿಂದ ಹಾರಿಕೊಳ್ಳುತ್ತಾನೆ. ಜನ ಮತ್ತೆ ಮತ್ತೆ ಹೋಗಿ ನೋಡಿದರು. ಕಥೆ ಗೊತ್ತಿದ್ದೂ ಹೋದರು. ಈಗ? ‘ಕೆಜಿಎಫ್’ ಎರಡನೇ ಭಾಗದ ಕೊನೆಯಲ್ಲಿ ರಾಕಿ ಚಿನ್ನದ ಜೊತೆ ಸಮುದ್ರಕ್ಕೆ ಇಳಿಯುತ್ತಾನೆ. ನನಗೆ ಆ ಸಿನಿಮಾದಲ್ಲಿ ಬಹಳ ಇಷ್ಟವಾದ ಜಾಗ ಅದು. ಗದ್ದಲವೆಲ್ಲ ಅಡಗಿ, ಅಮ್ಮನಿಗೆ ಕೊಟ್ಟ ಮಾತಿನ ಭಾರಕ್ಕೇ ಮುಳುಗಿದ ಹಾಗಿತ್ತು. ಎದ್ದು ಚಪ್ಪಲಿ ಹುಡುಕುವಷ್ಟರಲ್ಲಿ ಮೂರನೇ ಭಾಗದ ಫೈಲು ತೋರಿಸಿಬಿಟ್ಟರು. ಮುಳುಗಿದವನನ್ನು ನೆಮ್ಮದಿಯಾಗಿ ಮುಳುಗಲೂ ಬಿಡುವುದಿಲ್ಲವಲ್ಲ ಮಾರಾಯ್ರೆ.

ಇಲ್ಲಿ ‘ಕೂಲಿ’ ಸಿನಿಮಾ ನೆನಪಾಗುತ್ತದೆ. 1982ರ ಜುಲೈನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ಹೊಡೆದಾಟದ ಚಿತ್ರೀಕರಣ. ಪುನೀತ್ ಇಸ್ಸಾರ್ ಸುಳ್ಳು ಗುದ್ದು ಕೊಡಬೇಕು, ಅಮಿತಾಭ್ ಬಚ್ಚನ್ ಮೇಜಿನ ಮೇಲೆ ಬೀಳಬೇಕು. ಲೆಕ್ಕ ತಪ್ಪಿತು. ಅಮಿತಾಭ್ ಸಾವಿನ ಬಾಯಿಗೆ ಹೋಗಿ ಬಂದರು. ಮೂಲ ಕಥೆಯಲ್ಲಿ ಹೀರೋ ಸಾಯಬೇಕಿತ್ತು. ನಿಜವಾಗಿ ಬದುಕಿ ಬಂದವನನ್ನು ಪರದೆ ಮೇಲೆ ಕೊಲ್ಲುವುದು ಹೇಗೆ ಅಂತ ನಿರ್ದೇಶಕ ಮನಮೋಹನ ದೇಸಾಯಿ ಅಂತ್ಯ ಬದಲಿಸಿದರು. ಆ ಗುದ್ದು ಬಿದ್ದ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿ ತೋರಿಸಿದ್ದಾರೆ. ಅಂತ್ಯ ಬದಲಿಸಿದ್ದಕ್ಕೆ ನನ್ನ ಕ್ಷಮೆ ಇದೆ ಅಂತ ದೊಡ್ಡ ಜನದ ಹಾಗೆ ಹೇಳಬಹುದು. ಅದೇ ಪುನೀತ್ ಇಸ್ಸಾರ್ ಆಮೇಲೆ ಟಿವಿ ‘ಮಹಾಭಾರತ’ದಲ್ಲಿ ದುರ್ಯೋಧನ ಆದರು. ಅಜ್ಜನ ಪ್ರಕಾರ ದೇಹ ಅಡ್ಡಿಲ್ಲ, ಗತ್ತು ಸಾಲದು.

ಪೆಟ್ಟು ತಾಗುವುದಿಲ್ಲ ಅಂತ ಅಜ್ಜ ಹೇಳಿದ್ದೂ ಪೂರ್ತಿ ಸರಿಯಲ್ಲ. ಅಜ್ಜನ ಕಣ್ಣಿನ ಪಟ್ಟಿ ಬಿಚ್ಚಿದ ಕೆಲವೇ ವಾರಗಳಲ್ಲಿ, 1998ರ ಜೂನ್ 28ಕ್ಕೆ, ಅಂಡರ್‌ಟೇಕರ್ 16 ಅಡಿ ಎತ್ತರದ ಪಂಜರದ ಮೇಲಿಂದ ಮ್ಯಾನ್‌ಕೈಂಡ್ ವೇಷದ ಮಿಕ್ ಫೋಲಿಯನ್ನು ಕೆಳಗಿನ ಮೇಜಿನ ಮೇಲೆ ಎಸೆದ. ಅದು ಮೊದಲೇ ಮಾತಾಡಿಕೊಂಡಿದ್ದು. ಸ್ಟ್ರೆಚರಿನಿಂದ ಎದ್ದು ಫೋಲಿ ಮತ್ತೆ ಮೇಲೆ ಹತ್ತಿದ. ಎರಡನೇ ಸಲ ಪಂಜರದ ಮಾಡೇ ಮುರಿದು ರಿಂಗಿನೊಳಗೆ ಬಿದ್ದ. ಅದು ಲೆಕ್ಕದಲ್ಲಿ ಇರಲಿಲ್ಲ. ಫೋಲಿ ಸೋತ. ಆ ರಾತ್ರಿ ಅಂದರೆ ಜನ ಫೋಲಿಯನ್ನೇ ನೆನೆಯುತ್ತಾರೆ. ಹುಡುಗನಾಗಿದ್ದಾಗ ನನಗೆ ಅದು ಭಾರಿ ಖುಷಿ. ಈಗ ನೋಡಿದರೆ ಬೆನ್ನಿನಲ್ಲಿ ಚಳಿ ಹುಟ್ಟುತ್ತದೆ. 1999ರ ಮೇ 23ರ ಓವನ್ ಹಾರ್ಟ್ ವಿಷಯವನ್ನಂತೂ ನಾನು ಆಟದ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಕಾನ್ಸಾಸ್ ಸಿಟಿಯಲ್ಲಿ ಮೇಲಿನಿಂದ ಹಗ್ಗದಲ್ಲಿ ಇಳಿಯಬೇಕಿದ್ದ, ಕೊಂಡಿ ಬಿಚ್ಚಿ ಬಿದ್ದು ಸತ್ತ. ಅವತ್ತಿನ ಉಳಿದ ಕುಸ್ತಿಗಳನ್ನು ಮುಂದುವರಿಸಿದರು. ಇದೊಂದಕ್ಕೆ ನಾನು ಆ ಕಂಪನಿಯನ್ನು ಕ್ಷಮಿಸಿಲ್ಲ. ಬೇಡರ ವೇಷದ ಹಗ್ಗ ಹಿಡಿದವರು ಒಂದು ಕ್ಷಣ ಬೇರೆ ಕಡೆ ನೋಡುವುದಿಲ್ಲ.

ನಿಜವಾದ ಕುಸ್ತಿ ನಮ್ಮ ಜಿಲ್ಲೆಯಲ್ಲೇ ಇದೆ, ಹಳಿಯಾಳದಲ್ಲಿ. ಆ ಊರಿನ ಗಾಳಿಯಲ್ಲೇ ಕುಸ್ತಿ ಇದೆ. ಸಿದ್ದಿ ಹುಡುಗರು, ಹುಡುಗಿಯರು ಅಲ್ಲಿಂದ ಬಂದು ಪದಕ ಗೆದ್ದಿದ್ದಾರೆ. ಕೆಲವು ವರ್ಷದ ಹಿಂದೆ ಗೆಳೆಯನ ಜೊತೆ ಯಲ್ಲಾಪುರದ ಮೇಲೆ ಬೈಕಿನಲ್ಲಿ ಹೋಗಿ ಒಂದಿಡೀ ದಿನ ನೋಡಿದೆ. ಒಡ್ಡೋಲಗ ಇಲ್ಲ, ಹೊಗೆ ಇಲ್ಲ, ಮೈಕಿನಲ್ಲಿ ಹೆಸರು ಕೂಗುತ್ತಾರೆ, ಹುಡುಗ ಬರುತ್ತಾನೆ. ಹದಿನಾರು ಹದಿನೇಳರ ಒಬ್ಬ ಬಂದ. ಕಿವಿ ಆಗಲೇ ಮುದುಡಿ ಗಟ್ಟಿಯಾಗಿತ್ತು. ಕೈ ಕುಲುಕಿದ, ಬಗ್ಗಿದ, ಎದುರಿನವನು ಕಾಲು ಹಿಡಿದ. ಮುಗಿಯಿತು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಪಕ್ಕದವನು ನನಗೆ ಶೇಂಗಾ ಕೊಡುತ್ತಿದ್ದ, ಆ ಕಡೆ ತಿರುಗಿ ಈ ಕಡೆ ನೋಡುವಷ್ಟರಲ್ಲಿ ಹುಡುಗ ಸೋತಿದ್ದ. ಹೇಗೆ ಸೋತ ಅಂತ ನಾನು ನೋಡಲೇ ಇಲ್ಲ. ಅವನು ಗ್ಯಾಲರಿ ಕೆಳಗೆ ಹೋಗಿ ಮುಖ ಗೋಡೆ ಕಡೆ ಮಾಡಿ ಕೂತ. ಉಸ್ತಾದರೇ ಇರಬೇಕು, ಒಬ್ಬರು ಬಂದು ನೀರಿನ ಬಾಟಲಿ ಪಕ್ಕಕ್ಕೆ ಇಟ್ಟು, ಏನೂ ಮಾತಾಡದೆ ಹೋದರು. ತುಂಬ ಹೊತ್ತು ಅವನು ಬಾಟಲಿ ಮುಟ್ಟಲಿಲ್ಲ. ಅಷ್ಟರಲ್ಲಿ ಇನ್ನೂ ನಾಲ್ಕು ಜೋಡಿ ಮುಗಿದಿತ್ತು. ನಿಜದಲ್ಲಿ ಸೋತವನಿಗೆ ಯಾರೂ ಪದ್ಯ ಹಾಡುವುದಿಲ್ಲ, ಚಂಡೆಯೂ ಏರುವುದಿಲ್ಲ. ಅವತ್ತು ವಾಪಸ್ ಬರುವಾಗ ದಾರಿಯುದ್ದಕ್ಕೂ ನಾನು ಗೆಳೆಯನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅಂಡರ್‌ಟೇಕರ್ 1991ರಿಂದ ರೆಸಲ್‌ಮೇನಿಯಾದಲ್ಲಿ ಸೋತೇ ಇರಲಿಲ್ಲ. 21 ಗೆಲುವು. 21ನೇ ಫ್ಯಾಂಟಮ್, 21 ಗೆಲುವು ಅಂತ ನಾನೊಬ್ಬನೇ ಖುಷಿಪಡುತ್ತಿದ್ದೆ. 2014ರ ಏಪ್ರಿಲ್ 6ರಂದು ನ್ಯೂ ಆರ್ಲಿನ್ಸ್‌ನಲ್ಲಿ ಬ್ರಾಕ್ ಲೆಸ್ನರ್ ಎದುರು ಸೋತ. ಆ ಹೊತ್ತಿಗೆ ನಮ್ಮ ಮನೆಗೂ ಡಿಶ್ ಬಂದಿತ್ತು. ನಾನು ರಜೆಯಲ್ಲಿ ಊರಿನಲ್ಲಿದ್ದೆ. ರೆಫರಿ ಮೂರು ಎಣಿಸಿದ ಮೇಲೆ ಇಡೀ ಕ್ರೀಡಾಂಗಣ ಸ್ತಬ್ಧ. ಬಾಯಿ ತೆರೆದುಕೊಂಡು ನಿಂತ ಒಬ್ಬನ ಮುಖವನ್ನು ಕ್ಯಾಮರಾ ತೋರಿಸಿತು. ಆ ಮುಖ ಆಮೇಲೆ ಪ್ರಪಂಚವೆಲ್ಲ ಸುತ್ತಿತು. ಪರದೆಯ ಮೇಲೆ 21-1 ಅಂತ ಅಂಕಿ. ನಾನು ಸೋಫಾದಿಂದ ಎದ್ದು ನಿಂತಿದ್ದೆ, ಯಾವಾಗ ಎದ್ದೆ ಅಂತ ಗೊತ್ತಿಲ್ಲ. ಆ ಕುಸ್ತಿಯದ್ದು ತನಗೆ ಏನೂ ನೆನಪಿಲ್ಲ, ತಲೆಗೆ ಪೆಟ್ಟಾಗಿತ್ತು ಅಂತ ಅವನೇ ಎಷ್ಟೋ ವರ್ಷದ ನಂತರ ಹೇಳಿದ.

ಅಜ್ಜನಿಗೆ ಆಗ ಎಂಬತ್ತೊಂಬತ್ತು. ಕಿವಿ ಹೋಗಿತ್ತು, ಎರಡೂ ಕಣ್ಣು ಮಂಜು. ಜಗಲಿಯಲ್ಲಿ ಕವಳದ ತಬಕು ಮುಂದಿಟ್ಟುಕೊಂಡು ಕೂತಿದ್ದ. ಒಳಗೆ ನಾನು ಏನೋ ಕೂಗಿದ್ದಿರಬೇಕು. ಹೊರಗೆ ಬಂದಾಗ ‘ಎಂತಾತ?’ ಅಂತ ಕೇಳಿದ. ಕಿವಿಗೆ ಬಾಯಿ ಹಚ್ಚಿ ಹೇಳಿದೆ, ಕಾರವಾರದಲ್ಲಿ ನೋಡಿದ್ಯಲ, ಕರಿ ಕೋಟಿನಂವ, ಅಂವ ಸೋತ. ಅಜ್ಜನಿಗೆ ನೆನಪಿತ್ತೋ ಇಲ್ಲವೋ. ಸ್ವಲ್ಪ ಹೊತ್ತು ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸಿದ.

‘ಎದ್ಕಂಡು ಹೋದ್ನ, ಎತ್ಕಂಡು ಹೋದ್ವ?’

‘ಎದ್ಕಂಡೇ ಹೋದ ಅಜ್ಜ.’

‘ಅಡ್ಡಿಲ್ಲೆ’ ಅಂದು ಎಲೆಗೆ ಸುಣ್ಣ ಹಚ್ಚಿದ.